ಓಬಿಡಿ ಡಾಂಗಲ್ ಫೋನಿಗೆ ಸೇರದಿದ್ದರೆ: ದೋಷ ಎಲ್ಲಿದೆ ಎಂದು ಒಂದೊಂದಾಗಿ ಹುಡುಕುವ ಕ್ರಮ

"ಅಣ್ಣಾರ, ನಿನ್ನಿ ಮಟಾ ಚಲೋ ನಡದಿತ್ರಿ, ಇವತ್ತ ಕನೆಕ್ಟ ಆಗವಲ್ದು." ವಿಜಯಪುರದಲ್ಲಿ ಗಾಡಿಯ ವೈರಿಂಗ್ ಕೆಲಸ ಮಾಡುವವರಿಗೆ ಈಗ ಈ ಮಾತು ಹಾರ್ನ್ ಕೆಟ್ಟಿದೆ ಅನ್ನುವಷ್ಟೇ ಮಾಮೂಲು. ಐದಾರುನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಓಬಿಡಿ ಡಾಂಗಲ್, ಅಂದರೆ ಗಾಡಿಯ ಸಾಕೆಟ್ಟಿಗೆ ಚುಚ್ಚಿ ಇಂಜಿನಿನ ದೋಷದ ಕೋಡನ್ನು ಫೋನಿನಲ್ಲಿ ತೋರಿಸುವ ಸಣ್ಣ ಡಬ್ಬಿ, ಈಗ ಪಿಕಪ್ ಓಡಿಸುವ ಹುಡುಗರ ಹತ್ತಿರವೂ ಇದೆ. ಇಂಜಿನ್ ಲೈಟ್ ಹತ್ತಿದ ಕೂಡಲೇ ಶೋರೂಮಿಗೆ ಓಡದೆ ಕೋಡ್ ಏನೆಂದು ತಾವೇ ನೋಡಿಕೊಳ್ಳುವುದು ಒಳ್ಳೆಯದೇ. ಆದರೆ ಡಾಂಗಲ್ ಫೋನಿಗೆ ಸೇರದಿದ್ದಾಗ ಮಾಡುವುದು ಮಾತ್ರ ಎಲ್ಲರೂ ಒಂದೇ: ಆ್ಯಪ್ ಅಳಿಸಿ ಮತ್ತೆ ಹಾಕುತ್ತಾರೆ, ಡಾಂಗಲ್ ಕಿತ್ತು ಮತ್ತೆ ಚುಚ್ಚುತ್ತಾರೆ, ಕೊನೆಗೆ ಹೊಸದೊಂದನ್ನು ತರಿಸುತ್ತಾರೆ. ದೋಷ ಸಾಕೆಟ್ಟಿನಲ್ಲೋ ಫೋನಿನ ಪರ್ಮಿಷನ್ನಿನಲ್ಲೋ ಇದ್ದರೆ ಹೊಸದು ಬಂದು ಏನು ಮಾಡೀತು?

ಇಲ್ಲಿ ಮೂರು ಕೊಂಡಿಗಳಿವೆ. ಗಾಡಿಯ ಬ್ಯಾಟರಿಯಿಂದ ಡಾಂಗಲಿಗೆ ಕರೆಂಟ್ ಬರಬೇಕು. ಡಾಂಗಲ್ ಮತ್ತು ಫೋನಿನ ನಡುವೆ ಬ್ಲೂಟೂತ್ ಅಥವಾ ವೈಫೈ ಸೇರಬೇಕು. ಡಾಂಗಲ್ ಮತ್ತು ಇಂಜಿನಿನ ಕಂಪ್ಯೂಟರ್, ಅಂದರೆ ಇಸಿಯು, ತಂತಿಯ ಮೂಲಕ ಮಾತಾಡಬೇಕು. ಮೂರರಲ್ಲಿ ಯಾವುದು ಕಡಿದರೂ ಆ್ಯಪ್ ತೋರಿಸುವುದು ಹೆಚ್ಚುಕಡಿಮೆ ಒಂದೇ ಸಂದೇಶ. ಹಾಗಾಗಿ ಆ್ಯಪಿನ ಮಾತು ನಂಬಿ ಕೂಡದೆ ಕೊಂಡಿಗಳನ್ನು ಕರೆಂಟಿನಿಂದ ಶುರುಮಾಡಿ ಇದೇ ಕ್ರಮದಲ್ಲಿ ನೋಡಿ. ಕ್ರಮ ತಪ್ಪಿಸಿದರೆ ಅರ್ಧ ದಿನ ಹೋಗುತ್ತದೆ.

ಶುರುವಿಗೂ ಮೊದಲು: ಈ ಗಾಡಿ ಮಾತಾಡುವಂಥದ್ದೇ?

ಕಾರ್ಬುರೇಟರಿನ ಹಳೇ ಓಮ್ನಿ, ಮೆಕ್ಯಾನಿಕಲ್ ಪಂಪಿನ ಹಳೇ ಬೊಲೆರೊ, ಬಹುತೇಕ ಟ್ರ್ಯಾಕ್ಟರ್‌ಗಳು — ಇವುಗಳಲ್ಲಿ ಮಾತಾಡುವವರೇ ಇಲ್ಲ, ಡಾಂಗಲಿನದು ತಪ್ಪಲ್ಲ. ದೇಶದಲ್ಲಿ ಓಬಿಡಿಯನ್ನೂ ಕೇಳುವ ಬಿಎಸ್-4 ಹೊಗೆ ನಿಯಮ ಶುರುವಾದದ್ದು 2010ರ ಏಪ್ರಿಲ್‌ನಲ್ಲಿ, ಅದೂ 13 ದೊಡ್ಡ ನಗರಗಳಲ್ಲಿ. ಎಲ್ಲ ಕಡೆ ಕಡ್ಡಾಯವಾದದ್ದು 2017ರ ಏಪ್ರಿಲ್‌ನಿಂದ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಆದ್ದರಿಂದ ಕೆಎ-28 ಅಥವಾ ಕೆಎ-29ರ ಗಾಡಿ 2017ಕ್ಕಿಂತ ಹಳೆಯದಾಗಿದ್ದರೆ ಅದು ಓಬಿಡಿ-2, ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಆದ ಭಾಷೆ, ಮಾತಾಡುತ್ತದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. 16 ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ನಂಬುವ ಹಾಗಿಲ್ಲ. ಅದೇ ಆಕಾರದ ಸಾಕೆಟ್ ಇಟ್ಟು ಒಳಗೆ ಕಂಪನಿಯ ಸ್ವಂತ ಭಾಷೆ ಹಾಕಿದ ಹಳೆಯ ಗಾಡಿಗಳಿವೆ. ಅವಕ್ಕೆ ಕಂಪನಿಯ ಸ್ಕ್ಯಾನರೇ ಬೇಕು.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಸಾಮಾನ್ಯ ಆ್ಯಪ್ ಕೇಳುವುದು ಇಂಜಿನ್ ಆರ್‌ಪಿಎಂ, ಕೂಲೆಂಟ್ ಬಿಸಿಯಂಥ ಪ್ರಶ್ನೆಗಳನ್ನು. ಅವಕ್ಕೆ ಎಲೆಕ್ಟ್ರಿಕ್ ಗಾಡಿ ಉತ್ತರ ಕೊಡದಿರಬಹುದು. ಆ ಮಾಡೆಲ್ಲಿಗೆಂದೇ ಪ್ರೊಫೈಲ್ ಇರುವ ಆ್ಯಪ್ ಹುಡುಕಿ.

ಇನ್ನು ಲಾರಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಸೀಜನ್ನಿನಲ್ಲಿ ಲಾರಿಗೂ ಕಾರಿನ ಡಾಂಗಲ್ ಚುಚ್ಚಿ ನೋಡುವವರಿದ್ದಾರೆ. ಲಾರಿಯದು 24 ವೋಲ್ಟ್. 24 ವೋಲ್ಟಿನ ಓಬಿಡಿ ಸಾಕೆಟ್ಟಿನ ನಡುವಿನ ಗೀರು ತುಂಡಾಗಿರುತ್ತದೆ, 12 ವೋಲ್ಟಿನ ಪ್ಲಗ್ ಒಳಗೆ ಹೋಗಬಾರದೆಂದೇ ಹಾಗೆ ಮಾಡಿದ್ದು. ಹೋಗದಿದ್ದರೆ ಬ್ಲೇಡಿನಿಂದ ಪ್ಲಾಸ್ಟಿಕ್ ಕೆತ್ತಬೇಡಿ. ಡಾಂಗಲ್ ಸುಟ್ಟರೆ ಐದುನೂರು ಹೋಯಿತು ಅನ್ನಬಹುದು, ಲಾರಿಯ ಇಸಿಯುಗೆ ಏನಾದರೂ ಆದರೆ ಆ ಸೀಜನ್ನೇ ಹೋಯಿತು.

ಡಾಂಗಲಿನ ಜಾತಿ, ಫೋನಿನ ಜಾತಿ

ಹೊರಗಿನಿಂದ ನೋಡಿದರೆ ಎಲ್ಲವೂ ಅದೇ ನೀಲಿ ಡಬ್ಬಿ. ಒಳಗೆ ಮೂರು ಬಗೆ: ಹಳೆಯ ರೀತಿಯ ಬ್ಲೂಟೂತ್, ಬಿಎಲ್‌ಇ ಎಂಬ ಕಡಿಮೆ ಕರೆಂಟಿನ ಬ್ಲೂಟೂತ್, ಮತ್ತು ವೈಫೈ. ಹಳೆಯ ಬ್ಲೂಟೂತಿನದು ಆಂಡ್ರಾಯ್ಡಿಗೆ ಸರಿ. ಐಫೋನಿಗೆ ಅದು ಎಷ್ಟು ತಿಣುಕಿದರೂ ಸೇರುವುದಿಲ್ಲ, ಯಾಕಂದರೆ ಆ್ಯಪಲ್ ಆ ಬಗೆಯ ಸೀರಿಯಲ್ ಸಂಪರ್ಕವನ್ನು ತಾನು ಒಪ್ಪಿಗೆ ಕೊಟ್ಟ ಸಾಧನಗಳಿಗಷ್ಟೇ ಬಿಡುತ್ತದೆ. ಐಫೋನಿದ್ದರೆ ಬಿಎಲ್‌ಇ ಅಥವಾ ವೈಫೈ ಡಾಂಗಲ್ಲೇ ತೆಗೆದುಕೊಳ್ಳಿ. ಮನೆಯಲ್ಲಿ ಅಪ್ಪನದು ಆಂಡ್ರಾಯ್ಡ್, ಮಗನದು ಐಫೋನ್ ಆಗಿದ್ದು ಒಬ್ಬರಿಗೆ ಸೇರಿ ಇನ್ನೊಬ್ಬರಿಗೆ ಸೇರುತ್ತಿಲ್ಲವೆಂದರೆ ಹೆಚ್ಚು ಯೋಚಿಸಬೇಡಿ, ಇದೇ ಕಾರಣ.

ಮೊದಲ ಕೊಂಡಿ: ಕರೆಂಟ್

ಡಾಂಗಲ್ ಚುಚ್ಚಿದಾಗ ದೀಪ ಹತ್ತಬೇಕು. ಓಬಿಡಿ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್ ಬರುತ್ತದೆ, 4ನೇ ಪಿನ್ ಬಾಡಿ ಅರ್ಥ್, 5ನೇದು ಸಿಗ್ನಲ್ ಅರ್ಥ್. 16ಕ್ಕೆ ಸಾಮಾನ್ಯವಾಗಿ ಕೀ ಹಾಕದಿದ್ದರೂ ಕರೆಂಟ್ ಇರುತ್ತದೆ. ಆದ್ದರಿಂದ ದೀಪವೇ ಹತ್ತದಿದ್ದರೆ ಫೋನನ್ನು ಜೇಬಿಗೆ ಹಾಕಿ. ಈಗ ಬೇಕಾದದ್ದು ಮಲ್ಟಿಮೀಟರ್.

ಸಾಕೆಟ್ಟಿನ ಅಗಲವಾದ ಬದಿ ಮೇಲೆ ಬರುವಂತೆ ನೋಡಿದರೆ ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16. ಅಂದರೆ 16 ಇರುವುದು ಕೆಳಗೆ ಬಲತುದಿಯಲ್ಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ಕಡ್ಡಿಯನ್ನು 4ಕ್ಕೆ, ಕೆಂಪನ್ನು 16ಕ್ಕೆ ಮೆಲ್ಲಗೆ ಮುಟ್ಟಿಸಿ. ಇಂಜಿನ್ ಬಂದ್ ಇದ್ದಾಗ 12.4ರಿಂದ 12.7 ಇದ್ದರೆ ಆರೋಗ್ಯ. ಇಂಜಿನ್ ಚಾಲೂ ಇದ್ದಾಗ ಹೆಚ್ಚಾಗಿ 13.5ರಿಂದ 14.7ರ ಒಳಗೆ ಬರಬೇಕು. 16ರಿಂದ ಪಕ್ಕದ ಪಿನ್ನಿಗೆ ಕಡ್ಡಿ ತಾಗದಂತೆ ನೋಡಿಕೊಳ್ಳಿ. ಕಡ್ಡಿಯನ್ನು ಒಳಗೆ ಒತ್ತಿ ತುರುಕಬೇಡಿ, ಮುಟ್ಟಿಸಿದರೆ ಸಾಕು.

ಸೊನ್ನೆ ಬಂದರೆ ಮೊದಲು ಫ್ಯೂಸ್. ಹಲವು ಗಾಡಿಗಳಲ್ಲಿ ಓಬಿಡಿ ಸಾಕೆಟ್ಟಿಗೆ ಪ್ರತ್ಯೇಕ ಫ್ಯೂಸ್ ಇಲ್ಲ. ಒಳಗಿನ ರೂಫ್ ಲೈಟ್ ಅಥವಾ ಸಿಗರೇಟ್ ಲೈಟರಿನ ಜೊತೆ ಹಂಚಿಕೊಂಡಿರುತ್ತದೆ. ಲೈಟರ್ ಸಾಕೆಟ್ಟಿಗೆ ಟೈರಿಗೆ ಗಾಳಿ ಹೊಡೆಯುವ ಪಂಪ್ ಹಾಕಿದ ಮರುದಿನ ಡಾಂಗಲ್ ಸತ್ತಿದೆ ಅಂದರೆ ಫ್ಯೂಸ್ ಹಾರಿದೆ ಅಂತಲೇ ಹಿಡಿಯಿರಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಚಿತ್ರ ಇರುತ್ತದೆ. ಎಷ್ಟು ಆಂಪಿನದು ಹೋಗಿದೆಯೋ ಅಷ್ಟೇ ಆಂಪಿನದು ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಹಳೇ ಚಾಳಿ ಇಲ್ಲಿ ಬೇಡ.

ಫ್ಯೂಸ್ ಸರಿ ಇದ್ದೂ ದೀಪ ಮಿಣುಕುತ್ತಿದ್ದರೆ ಸಾಕೆಟ್ಟನ್ನೇ ನೋಡಬೇಕು. ಇಂಡಿ ಕಡೆಯಿಂದ ಒಂದು ಬೊಲೆರೊ ಪಿಕಪ್ ಬಂದಿತ್ತು. ಡಾಂಗಲನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದರೆ ದೀಪ ಹತ್ತುತ್ತಿತ್ತು, ಬಿಟ್ಟರೆ ಇಲ್ಲ. ಡ್ರೈವರ್ ಹುಡುಗ ಹಿಡಿದು ಹಿಡಿದು ಸಾಕಾಗಿ ಪ್ಲಗ್ಗಿನ ಕೆಳಗೆ ಬೆಂಕಿಪೊಟ್ಟಣ ಸಿಗಿಸಿಕೊಂಡಿದ್ದ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಸಾಕೆಟ್ಟಿನ ಹದಿನಾರನೇ ತೂತು ಉಳಿದವಕ್ಕಿಂತ ಅಗಲ, ಒಳಗಿನ ಹಿತ್ತಾಳೆ ಎಲೆಗಳು ಎರಡೂ ಕಡೆ ಬಾಯ್ತೆರೆದು ನಿಂತಿವೆ.

"ತಮ್ಮಾ, ಇದರಾಗ ಮೊದಲ ಯಾರರ ಕೈ ಹಾಕಿದ್ರೇನು?"

"ಹೂಂ ಕಾಕಾ, ಟೇಪ್ ಕೂಡಿಸುವಾಗ ಇಲ್ಲಿಂದನ ಲೈನ್ ತಗೊಂಡಿದ್ರು. ಆಮ್ಯಾಗ ಅದನ್ನ ಕಿತ್ತಿ ಬ್ಯಾರೆ ಕಡೆ ಹಾಕಿಸೀನಿ."

ದಪ್ಪ ವೈರನ್ನು ಮುಂದಿನಿಂದ ತೂತಿಗೆ ತುರುಕಿ ಕರೆಂಟ್ ಎಳೆದಿದ್ದರು, ಎಲೆ ಅಗಲವಾಗಿ ಹಿಡಿತ ಹೋಗಿತ್ತು. ಇಂಥದ್ದಕ್ಕೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸಾಕೆಟ್ಟನ್ನು ಬ್ರಾಕೆಟ್ಟಿನಿಂದ ಹೊರಗೆ ತೆಗೆದು, ಆ ಟರ್ಮಿನಲ್ಲನ್ನು ಹಿಂದಿನಿಂದ ಬಿಡಿಸಿ ನೋಸ್ ಪ್ಲೈಯರಿನಿಂದ ಎಲೆಗಳನ್ನು ಹಗುರವಾಗಿ ಹತ್ತಿರ ತರಬೇಕು. ಮತ್ತೆ ಒತ್ತಿದಾಗ ಟಕ್ ಎಂದು ಕೂತರೆ ಕೆಲಸ ಮುಗಿಯಿತು. ಹೊಸ ಡಾಂಗಲ್ ತಂದಿದ್ದರೂ ಇಲ್ಲಿ ಅಷ್ಟೇ ಸಡಿಲ.

ಊರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಸಾಕೆಟ್ಟಿನೊಳಗೆ ತುಂಬುವುದು ಎರೆಮಣ್ಣಿನ ಧೂಳು. ಒಣ ಬ್ರಷ್ಷಿನಿಂದ ಗುಡಿಸಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಸಾಕು. ಬೆಳಗಾವಿಯಿಂದ ಖಾನಾಪುರ ದಾಟಿ ಘಟ್ಟದ ಕಡೆ ಓಡುವ ಗಾಡಿಗಳದು ಬೇರೆ ಕಥೆ. ಮಳೆಗಾಲದ ತೇವಕ್ಕೆ ಪಿನ್ನುಗಳ ಮೇಲೆ ಹಸಿರು ಪಾಚಿಯಂಥ ತುಕ್ಕು ಕಟ್ಟಿರುತ್ತದೆ. ಅದು ಸ್ಪ್ರೇಗೆ ಪೂರ್ತಿ ಹೋಗದಿದ್ದರೆ ಟರ್ಮಿನಲ್ ಬದಲಿಸುವುದೇ ಲೇಸು.

ಎರಡನೇ ಕೊಂಡಿ: ಡಾಂಗಲ್ ಮತ್ತು ಫೋನ್

ದೀಪ ಗಟ್ಟಿಯಾಗಿ ಹತ್ತಿದೆ. ಕೀಯನ್ನು ಆನ್ ಸ್ಥಾನಕ್ಕೆ ತನ್ನಿ, ಇಂಜಿನ್ ಚಾಲೂ ಮಾಡುವುದು ಈಗಲೇ ಬೇಡ. ಬಟನ್ ಸ್ಟಾರ್ಟ್ ಗಾಡಿಯಾದರೆ ಕ್ಲಚ್, ಬ್ರೇಕ್ ಯಾವುದನ್ನೂ ತುಳಿಯದೆ ಬಟನ್ನನ್ನು ಎರಡು ಸಲ ಒತ್ತಿ. ಒಂದು ಸಲ ಒತ್ತಿದರೆ ಟೇಪಿಗಷ್ಟೇ ಕರೆಂಟ್ ಬರುತ್ತದೆ, ಇಸಿಯು ಮಲಗಿಯೇ ಇರುತ್ತದೆ. ಡಾಂಗಲಿಗೇ ಸಣ್ಣ ಬಟನ್ ಇದ್ದರೆ ಅದನ್ನೂ ಒತ್ತಿ ನೋಡಿ. ಕೆಲವು ಡಾಂಗಲ್‌ಗಳು ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ತಾವೇ ನಿದ್ದೆಗೆ ಹೋಗುತ್ತವೆ.

*ಆಂಡ್ರಾಯ್ಡ್ ಮತ್ತು ಹಳೆಯ ಬ್ಲೂಟೂತ್.* ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಡಾಂಗಲಿನ ಹಳೆಯ ಹೆಸರು ಇದ್ದರೆ ಮರೆತುಬಿಡು ಎಂಬ ಆಯ್ಕೆ ಒತ್ತಿ ಅಳಿಸಿ. ಡಾಂಗಲ್ ಕಿತ್ತು ಹತ್ತು ಎಣಿಸಿ ಮತ್ತೆ ಚುಚ್ಚಿ. ಹೊಸದಾಗಿ ಹುಡುಕಿ, ಹೆಸರು ಬಂದ ಮೇಲೆ ಪಿನ್ ಕೇಳಿದರೆ 1234 ಕೊಡಿ. ಆಗದಿದ್ದರೆ 0000, ಅದೂ ಆಗದಿದ್ದರೆ 6789. ಜೋಡಿಯಾದ ಮೇಲೂ ಫೋನ್ "ಕನೆಕ್ಟೆಡ್" ಅನ್ನದೆ ಬರೀ "ಪೇರ್ಡ್" ಅಥವಾ "ಸೇವ್ಡ್" ಅನ್ನುತ್ತದೆ. ಇಲ್ಲೇ ಬಹಳ ಮಂದಿ ಗಾಬರಿಯಾಗಿ ಮತ್ತೆ ಅಳಿಸಿ ಮತ್ತೆ ಜೋಡಿಸುತ್ತಾ ಕೂಡುತ್ತಾರೆ. ಈ ಬಗೆಯ ಡಾಂಗಲ್ ಹಾಗೆಯೇ ಇರುವುದು. ನಿಜವಾದ ಸಂಪರ್ಕ ಆಗುವುದು ಆ್ಯಪ್ ತೆರೆದಾಗ ಮಾತ್ರ.

ಆಮೇಲೆ ಆ್ಯಪಿನೊಳಗೆ ಹೋಗಿ. ಟಾರ್ಕ್ ಎಂಬ ಆ್ಯಪಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಓಬಿಡಿ ಅಡಾಪ್ಟರ್ ಸೆಟ್ಟಿಂಗಿನಲ್ಲಿ ಸಂಪರ್ಕದ ಬಗೆಯನ್ನು ಬ್ಲೂಟೂತ್ ಎಂದು ಇಟ್ಟು, ಕೆಳಗೆ ಡಾಂಗಲನ್ನೇ ಹೆಸರು ಹಿಡಿದು ಆರಿಸಬೇಕು. ಕಾರ್ ಸ್ಕ್ಯಾನರ್ ಎಂಬ ಆ್ಯಪಿನಲ್ಲಿ ಸಂಪರ್ಕದ ಪುಟದಲ್ಲಿ ಬ್ಲೂಟೂತ್, ಬಿಎಲ್‌ಇ, ವೈಫೈ ಮೂರೂ ಬೇರೆ ಬೇರೆ ಇವೆ. ತಪ್ಪು ಆರಿಸಿದರೆ ಡಾಂಗಲ್ ಮೂಗಿನ ಮುಂದೆ ಇದ್ದರೂ ಆ್ಯಪಿಗೆ ಕಾಣುವುದಿಲ್ಲ. ಫೋನಿನಲ್ಲಿ ಜೋಡಿಸಿ, ಆ್ಯಪಿನಲ್ಲಿ ಆರಿಸದೆ ಬಿಟ್ಟವರು ನಾನು ಕಂಡಂತೆ ಎಲ್ಲಕ್ಕಿಂತ ಹೆಚ್ಚು.

ಪರ್ಮಿಷನ್ ಮರೆಯಬೇಡಿ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನಿನಲ್ಲಿ ಆ್ಯಪಿಗೆ "ಹತ್ತಿರದ ಸಾಧನಗಳು" ಅನುಮತಿ ಬೇಕು. 6ರಿಂದ 11ರವರೆಗಿನವುಗಳಲ್ಲಿ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಲೊಕೇಶನ್ ಅನುಮತಿಯೂ ಬೇಕು, ಲೊಕೇಶನ್ ಆನ್ ಕೂಡ ಇರಬೇಕು. ಕೋಡ್ ಓದೋದಕ್ಕೂ ನಾನು ಎಲ್ಲಿದ್ದೀನಿ ಅನ್ನೋದಕ್ಕೂ ಏನು ಸಂಬಂಧ ಎಂದು ಸಿಟ್ಟಾಗಿ ಬೇಡ ಎಂದು ಒತ್ತಿದವರ ಫೋನಿನಲ್ಲಿ ಪಟ್ಟಿ ಖಾಲಿಯೇ ಬರುತ್ತದೆ.

ಇನ್ನೊಂದು ಸಂಗತಿ: ಡಾಂಗಲ್ ಒಂದು ಹೊತ್ತಿಗೆ ಒಬ್ಬರ ಜೊತೆಗೇ ಮಾತಾಡುತ್ತದೆ. ಹಿಂದಿನ ಸೀಟಿನಲ್ಲಿ ಕೂತ ತಮ್ಮನ ಫೋನಿನಲ್ಲಿ ಅದೇ ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ, ಅಥವಾ ಆಂಡ್ರಾಯ್ಡ್ ಸ್ಟೀರಿಯೊ ಅದನ್ನು ಮೊದಲೇ ಹಿಡಿದುಕೊಂಡಿದ್ದರೆ ನಿಮ್ಮ ಫೋನಿಗೆ ಬಾಗಿಲು ಬಂದ್. ಸ್ಟೀರಿಯೊದ ಆ್ಯಪ್ ಮುಚ್ಚಿ, ಉಳಿದ ಫೋನುಗಳ ಬ್ಲೂಟೂತ್ ಬಂದ್ ಮಾಡಿಸಿ ಒಮ್ಮೆ ನೋಡಿ. ಸ್ಟೀರಿಯೊಗೇ ಡಾಂಗಲ್ ಜೋಡಿಸಬೇಕೆಂದಿದ್ದರೆ ಇದನ್ನೂ ತಿಳಿದಿರಿ: ಹೊರಗಿನಿಂದ ಹಾಕಿಸುವ ಹಲವು ಸ್ಟೀರಿಯೊಗಳು ಹೆಸರಿನಲ್ಲಿ "ಓಬಿಡಿ" ಎಂದಿರುವ ಸಾಧನವನ್ನಷ್ಟೇ ಜೋಡಿಸಿಕೊಳ್ಳುತ್ತವೆ.

*ಬಿಎಲ್‌ಇ ಡಾಂಗಲ್.* ಇದರ ನಿಯಮ ಉಲ್ಟಾ. ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಜೋಡಿಸಲು ಹೋಗಬೇಡಿ, ನೇರವಾಗಿ ಆ್ಯಪಿನೊಳಗಿಂದ ಹುಡುಕಿ. ಮೊದಲೇ ಜೋಡಿಸಿದ್ದರೆ ಅಳಿಸಿ. ಎರಡೂ ಬಗೆ ಇರುವ ಡಾಂಗಲ್‌ಗಳು, ಉದಾಹರಣೆಗೆ ವಿಗೇಟ್ ಐಕಾರ್ ಪ್ರೊ, ಎರಡು ಹೆಸರಿನಲ್ಲಿ ಕಾಣುತ್ತವೆ. ಒಂದು ಆಂಡ್ರಾಯ್ಡಿಗೆ, ಒಂದು ಐಓಎಸ್‌ಗೆ. ನಿಮ್ಮ ಫೋನಿನದನ್ನೇ ಮುಟ್ಟಿ.

*ವೈಫೈ ಡಾಂಗಲ್.* ಇದು ತನ್ನದೇ ವೈಫೈ ಹಬ್ಬಿಸುತ್ತದೆ, ಹೆಸರಿನಲ್ಲಿ ಸಾಮಾನ್ಯವಾಗಿ "ವೈಫೈ" ಮತ್ತು "ಓಬಿಡಿ" ಎಂದಿರುತ್ತದೆ, ಪಾಸ್‌ವರ್ಡ್ ಇರುವುದಿಲ್ಲ. ಇದರಲ್ಲಿ ಇಂಟರ್‌ನೆಟ್ ಇಲ್ಲ. ಫೋನು ಬಲು ಜಾಣ. ಇಂಟರ್‌ನೆಟ್ ಇಲ್ಲದ ವೈಫೈಯನ್ನು ಸುಮ್ಮನೆ ಬಿಟ್ಟು ಸಿಮ್ಮಿನ ಡೇಟಾಕ್ಕೆ ಹಾರುತ್ತದೆ, ಆ್ಯಪ್ ಡಾಂಗಲನ್ನು ಹುಡುಕುತ್ತಾ ಮೊಬೈಲ್ ಟವರಿನ ಕಡೆ ಹೋಗುತ್ತದೆ. ಹಾಗಾಗಿ ಮೊಬೈಲ್ ಡೇಟಾ ಬಂದ್ ಮಾಡಿ. ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ, ಹೀಗೇ ಇರಲೇ ಎಂದು ಫೋನ್ ಕೇಳಿದರೆ ಇರಲಿ ಅನ್ನಿ. ವಿಪಿಎನ್ ಇದ್ದರೆ ತೆಗೆಯಿರಿ.

ಆ್ಯಪಿನಲ್ಲಿ ಐಪಿ ವಿಳಾಸ 192.168.0.10, ಪೋರ್ಟ್ 35000 ಇರಬೇಕು. ಬಹುತೇಕ ಡಾಂಗಲ್‌ಗಳದು ಇದೇ, ಬೇರೆ ಇದ್ದರೆ ಡಬ್ಬಿಯ ಚೀಟಿಯಲ್ಲಿ ಬರೆದಿರುತ್ತದೆ. ವೈಫೈ ಸೇರಿದ ಮೇಲೂ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದೇ ನಿಂತರೆ ಆ ವೈಫೈಯ ಸೆಟ್ಟಿಂಗಿನಲ್ಲಿ ಸ್ಟ್ಯಾಟಿಕ್ ಆರಿಸಿ ಫೋನಿಗೆ 192.168.0.11, ಸಬ್‌ನೆಟ್ 255.255.255.0 ಎಂದು ಕೈಯಿಂದ ಕೊಡಿ. ಐಫೋನಿನಲ್ಲಿ, ಐಓಎಸ್ 14ರಿಂದೀಚೆಗೆ, ಆ್ಯಪಿಗೆ "ಲೋಕಲ್ ನೆಟ್‌ವರ್ಕ್" ಅನುಮತಿ ಬೇಕು. ಪ್ರೈವಸಿ ಸೆಟ್ಟಿಂಗಿನಲ್ಲಿ ನೋಡಿ, ಅದೊಂದು ಬಂದ್ ಇದ್ದರೆ ಉಳಿದದ್ದೆಲ್ಲ ಸರಿಯಿದ್ದೂ ವ್ಯರ್ಥ.

ವೈರ್‌ಲೆಸ್ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಬಳಸುವವರಿಗೆ ವೈಫೈ ಡಾಂಗಲ್ ಕೊಳ್ಳಬೇಡಿ ಅನ್ನುತ್ತೇನೆ. ಆಗ ಫೋನಿನ ವೈಫೈ ಸ್ಟೀರಿಯೊ ಜೊತೆ ಮಾತಾಡುವುದರಲ್ಲಿ ತೊಡಗಿರುತ್ತದೆ, ಡಾಂಗಲಿಗೆ ಸೇರಿಸಿದರೆ ಮ್ಯಾಪ್ ಹೋಗುತ್ತದೆ, ಮ್ಯಾಪ್ ಬೇಕೆಂದರೆ ಡಾಂಗಲ್ ಹೋಗುತ್ತದೆ. ಬ್ಲೂಟೂತಿನದು ಇದ್ದರೆ ಈ ಜಗಳವಿಲ್ಲ.

ನಡುವೆ ಒಂದು ಪರೀಕ್ಷೆ: ಆ್ಯಪ್ ಬಿಟ್ಟು ಡಾಂಗಲನ್ನೇ ಮಾತಾಡಿಸಿ

ಇಷ್ಟೊತ್ತಿಗೂ ಸರಿಹೋಗದಿದ್ದರೆ ದೋಷ ಫೋನಿನ ಕಡೆಯೋ ಗಾಡಿಯ ಕಡೆಯೋ ಎಂದು ತೀರ್ಮಾನವಾಗಬೇಕು. ಇದಕ್ಕೆ ಡಾಂಗಲಿಗೆ ನೇರವಾಗಿ ಆಜ್ಞೆ ಕಳಿಸುವ ಟರ್ಮಿನಲ್ ಆ್ಯಪಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆಂಡ್ರಾಯ್ಡಿನಲ್ಲಿ "ಸೀರಿಯಲ್ ಬ್ಲೂಟೂತ್ ಟರ್ಮಿನಲ್" ಎಂಬ ಉಚಿತ ಆ್ಯಪ್ ಸಿಗುತ್ತದೆ. ಅದರ ಸೆಟ್ಟಿಂಗಿನಲ್ಲಿ ಸಾಲಿನ ಕೊನೆಗೆ ಹೋಗುವ ಚಿಹ್ನೆಯನ್ನು ಸಿಆರ್ ಎಂದು ಇಟ್ಟು, ಡಾಂಗಲಿಗೆ ಕನೆಕ್ಟ್ ಒತ್ತಿ. ಉಳಿದ ಓಬಿಡಿ ಆ್ಯಪ್‌ಗಳೆಲ್ಲ ಪೂರ್ತಿ ಮುಚ್ಚಿರಲಿ. ಕೆಳಗಿನ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ.

ಮೊದಲು ಎ ಟಿ ಝಡ್. ಇದು ಡಾಂಗಲನ್ನು ಹೊಸದಾಗಿ ಎಬ್ಬಿಸುವ ಆಜ್ಞೆ. ಉತ್ತರವಾಗಿ "ಇಎಲ್‌ಎಂ 327" ಮತ್ತು ಒಂದು ಆವೃತ್ತಿ ಸಂಖ್ಯೆ ಬಂದರೆ ಎರಡನೇ ಕೊಂಡಿ ಗಟ್ಟಿ ಇದೆ, ಫೋನಿನ ಸೆಟ್ಟಿಂಗ್ ಕೆದಕುವುದನ್ನು ಇಲ್ಲಿಗೇ ನಿಲ್ಲಿಸಿ. ಏನೂ ಬಾರದಿದ್ದರೆ, ಅಥವಾ ಕನೆಕ್ಟ್ ಆಗುವಾಗಲೇ ಕಡಿದರೆ, ಇನ್ನೊಂದು ಫೋನಿನಲ್ಲಿ ಇದನ್ನೇ ಮಾಡಿ. ಅಲ್ಲೂ ಹೀಗೇ ಆದರೆ ಡಾಂಗಲಿನ ಬ್ಲೂಟೂತ್ ಚಿಪ್ ಹೋಗಿದೆ, ಆಗ ಮಾತ್ರ ಹೊಸದು ತರಿಸಿ.

ನಂತರ ಎ ಟಿ ಆರ್ ವಿ. 16ನೇ ಪಿನ್ನಿನ ವೋಲ್ಟೇಜ್ ಎಷ್ಟೆಂದು ಡಾಂಗಲ್ಲೇ ಹೇಳುತ್ತದೆ. ಮೀಟರ್ 12.5 ತೋರಿಸುವಲ್ಲಿ ಇದು 11 ಅಂದರೆ ಎರಡು ಅರ್ಥ: ಅಗ್ಗದ ಡಾಂಗಲಿನ ಅಳತೆ ತಪ್ಪು, ಇಲ್ಲವೇ ಪಿನ್ನಿನ ಹಿಡಿತ ಸಡಿಲ. ಡಾಂಗಲನ್ನು ಸ್ವಲ್ಪ ಅಲುಗಿಸಿ ಮತ್ತೆ ಕೇಳಿ. ಅಂಕಿ ಕುಣಿದರೆ ಹಿಡಿತವೇ.

ಮೂರನೆಯದು ಎ ಟಿ ಎಸ್ ಪಿ 0. ಗಾಡಿಯ ಭಾಷೆ ಯಾವುದೆಂದು ನೀನೇ ಹುಡುಕಿಕೋ ಎಂದರ್ಥ, "ಓಕೆ" ಬರಬೇಕು. ಅದಾದ ಮೇಲೆ 0100. "ಸರ್ಚಿಂಗ್" ಎಂದು ಕೆಲವು ಸೆಕೆಂಡು ಚುಕ್ಕಿ ಬಿಡುತ್ತದೆ, ಆಮೇಲೆ "41 00" ಎಂದು ಶುರುವಾಗುವ ಸಾಲು ಬಂದರೆ ಇಸಿಯು ಉತ್ತರ ಕೊಟ್ಟಿದೆ. ಮೂರೂ ಕೊಂಡಿ ಸರಿ. ಇಷ್ಟಾದ ಮೇಲೂ ಆ್ಯಪ್ ಸೇರುತ್ತಿಲ್ಲವೆಂದರೆ ಆ್ಯಪಿನಲ್ಲಿ ತಪ್ಪು ಗಾಡಿಯ ಪ್ರೊಫೈಲ್ ಅಥವಾ ತಪ್ಪು ಪ್ರೊಟೊಕಾಲ್, ಅಂದರೆ ತಪ್ಪು ಭಾಷೆ, ಕೂತಿದೆ, ಆಟೊಮ್ಯಾಟಿಕ್ಕಿಗೆ ತಿರುಗಿಸಿ. ಯಾವ ಭಾಷೆ ಸಿಕ್ಕಿತೆಂದು ತಿಳಿಯಲು ಎ ಟಿ ಡಿ ಪಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಮುಂದೊಮ್ಮೆ ಬೇಕಾಗುತ್ತದೆ.

ಮೂರನೇ ಕೊಂಡಿ: ಡಾಂಗಲ್ ಮತ್ತು ಗಾಡಿ

0100ಕ್ಕೆ "ಅನೇಬಲ್ ಟು ಕನೆಕ್ಟ್" ಬಂದರೆ ಯಾವ ಭಾಷೆಯಲ್ಲೂ ಗಾಡಿ ಓಗೊಡಲಿಲ್ಲ. ಕೀ ಆನ್ ಇದೆಯೇ ಎಂದು ಮತ್ತೊಮ್ಮೆ ನೋಡಿ. ನಗಬೇಡಿ, ಇದು ಎಲ್ಲರಿಗೂ ಆಗುವಂಥದ್ದು. "ನೋ ಡೇಟಾ" ಎಂದರೆ ಕೇಳಿದ ಆ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದಷ್ಟೇ. 0100ಕ್ಕೆ ಉತ್ತರ ಬಂದು ಬೇರೆ ಯಾವುದಕ್ಕೋ ನೋ ಡೇಟಾ ಬಂದರೆ ಆ ಸೆನ್ಸರ್ ನಿಮ್ಮ ಗಾಡಿಯಲ್ಲಿ ಇಲ್ಲದಿರಬಹುದು. "ಬಸ್ ಇನಿಟ್ ಎರರ್" ಬರುವುದು ಒಂದೇ ತಂತಿಯಲ್ಲಿ ಮಾತಾಡುವ ಹಳೆಯ ಕೆ-ಲೈನ್ ಗಾಡಿಗಳಲ್ಲಿ, 7ನೇ ಪಿನ್ನಿನ ವೈರ್ ನೋಡಬೇಕು. ಅದು ಸುಮ್ಮನಿದ್ದಾಗ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ತೋರಿಸಬೇಕು. "ಕ್ಯಾನ್ ಎರರ್" ಎಂದರೆ ಕ್ಯಾನ್, ಅಂದರೆ ಗಾಡಿಯ ಕಂಪ್ಯೂಟರುಗಳು ಮಾತಾಡುವ ಎರಡು ತಂತಿಯ ಸಾಲಿನ, ವೈರಿಂಗಿನ ದೋಷ, ಇಲ್ಲವೇ ತಪ್ಪು ಪ್ರೊಟೊಕಾಲ್ ಆರಿಸಿದ್ದೀರಿ. ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಡಾಂಗಲಿಗೆ ನಿಮ್ಮ ಆಜ್ಞೆಯೇ ಗೊತ್ತಿಲ್ಲ, ನಕಲಿ ಚಿಪ್ಪುಗಳ ಲಕ್ಷಣ ಅದು.

ಆಟೊಮ್ಯಾಟಿಕ್ಕಿನಲ್ಲಿ ಸಿಗದಿದ್ದರೆ ಕೈಯಿಂದ ಕೊಟ್ಟು ನೋಡಬಹುದು. ಇತ್ತೀಚಿನ ಬಹುತೇಕ ಕಾರುಗಳದು 500 ಕೆಬಿಪಿಎಸ್ ವೇಗದ ಕ್ಯಾನ್, ಅದಕ್ಕೆ ಎ ಟಿ ಎಸ್ ಪಿ 6. ಹಳೆಯ ಕೆ-ಲೈನಿನ ವೇಗದ ಬಗೆಗೆ 5, ನಿಧಾನದ್ದಕ್ಕೆ 4, ಅದಕ್ಕೂ ಹಳೆಯ ಐಎಸ್‌ಓ 9141ಕ್ಕೆ 3. ಪ್ರತಿಸಲ 0100 ಕೇಳಿ. ನಿಧಾನದ ಬಗೆಗಳಲ್ಲಿ ಉತ್ತರ ಬರಲು ಹಲವು ಸೆಕೆಂಡು ಹಿಡಿಯುತ್ತದೆ, ಅವಸರಪಟ್ಟು ನಡುವೆ ಏನಾದರೂ ಒತ್ತಿದರೆ "ಸ್ಟಾಪ್ಡ್" ಎಂದು ಕೈಚೆಲ್ಲುತ್ತದೆ.

ಮೀಟರ್ ಇದ್ದವರು ಕ್ಯಾನ್ ವೈರನ್ನೂ ಪರೀಕ್ಷಿಸಬಹುದು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, 6 ಮತ್ತು 14ನೇ ಪಿನ್ನುಗಳ ನಡುವೆ ರೆಸಿಸ್ಟೆನ್ಸ್ ನೋಡಿ. ಸುಮಾರು 60 ಓಮ್ ಬಂದರೆ ಸರಿ. ಸಾಲಿನ ಎರಡು ತುದಿಯಲ್ಲಿ 120 ಓಮಿನ ಎರಡು ರೆಸಿಸ್ಟರ್ ಇರುತ್ತವೆ, ಜೊತೆಯಾಗಿ ಅರ್ಧ ಆಗುತ್ತದೆ. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಸಾಕೆಟ್ಟಿನ ಹಿಂದೆ ಗೇಟ್‌ವೇ ಎಂಬ ನಡುವಿನ ಪೆಟ್ಟಿಗೆ ಇರುವ ಹೊಸ ಗಾಡಿಗಳಲ್ಲಿ ಈ ಲೆಕ್ಕ ಬೇರೆ ಬರಬಹುದು, ಅಲ್ಲಿ ಸರ್ವಿಸ್ ಮ್ಯಾನ್ಯುವಲ್ ನೋಡದೆ ತೀರ್ಮಾನಿಸಬೇಡಿ.

ವೈರ್ ಕಡಿಯುವುದು ಹೆಚ್ಚಾಗಿ ತಾನಾಗಿ ಅಲ್ಲ, ಯಾರೋ ಕೈ ಹಾಕಿದ ಮೇಲೆ. ಹೊರಗಿನಿಂದ ಸಿಎನ್‌ಜಿ ಕಿಟ್, ಜಿಪಿಎಸ್ ಟ್ರ್ಯಾಕರ್, ಸೆಂಟ್ರಲ್ ಲಾಕ್ ಹಾಕಿಸಿದ್ದರೆ ಮೊದಲು ಅವುಗಳ ಜೋಡಣೆ ನೋಡಿ. ಟ್ರ್ಯಾಕರನ್ನು ಓಬಿಡಿ ಸಾಕೆಟ್ಟಿಗೇ ಕವಲು ಕೇಬಲ್ ಹಾಕಿ ಕೂಡಿಸಿದ್ದರೆ ಅದನ್ನು ಕಿತ್ತು ಡಾಂಗಲನ್ನು ನೇರವಾಗಿ ಚುಚ್ಚಿ ಪರೀಕ್ಷಿಸಿ. ಎರಡು ಸಾಧನ ಒಟ್ಟಿಗೆ ಪ್ರಶ್ನೆ ಕೇಳಿದರೆ ಇಸಿಯು ಕೊಟ್ಟ ಉತ್ತರ ಯಾರಿಗೆ ಅನ್ನುವುದೇ ಗೊಂದಲ.

ಸೇರುತ್ತದೆ, ನಡುವೆ ಕಡಿಯುತ್ತದೆ

ಇದು ಹುಡುಕಲು ಎಲ್ಲಕ್ಕಿಂತ ಕಷ್ಟದ ದೋಷ. ಯಾವಾಗ ಕಡಿಯುತ್ತದೆ ಎಂದು ಗಮನಿಸಿ. ಸೆಲ್ಫ್ ಹೊಡೆದಾಗ ಕಡಿದರೆ ಬ್ಯಾಟರಿ ಮುದುಕಾಗಿದೆ. ಆ ಕ್ಷಣಕ್ಕೆ ವೋಲ್ಟೇಜ್ ಕುಸಿದು ಡಾಂಗಲ್ ರಿಸೆಟ್ ಆಗುತ್ತದೆ, ಟರ್ಮಿನಲ್ ಆ್ಯಪಿನಲ್ಲಿ "ಎಲ್‌ವಿ ರಿಸೆಟ್" ಎಂದೂ ಬರಬಹುದು. ಇಂಜಿನ್ ಚಾಲೂ ಆದ ಮೇಲೆ ಆ್ಯಪ್ ತೆರೆದರೆ ಸದ್ಯಕ್ಕೆ ಪಾರು, ಆದರೆ ಬ್ಯಾಟರಿಯನ್ನು ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

ಫೋನಿನ ಪರದೆ ಆರಿದ ಸ್ವಲ್ಪ ಹೊತ್ತಿಗೆ ಕಡಿದರೆ ಫೋನಿನ ಬ್ಯಾಟರಿ ಉಳಿತಾಯದ ಕೈವಾಡ. ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು ನಿರ್ಬಂಧವಿಲ್ಲ ಎಂದು ಬದಲಿಸಿ. ಗುಂಡಿ ಹಾರಿದಾಗ, ರಸ್ತೆ ಕೆಟ್ಟಲ್ಲಿ ಕಡಿದರೆ ಮತ್ತೆ ಸಾಕೆಟ್ಟಿನ ಹಿಡಿತ ನೋಡಿ. ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ ಮಾತ್ರ ಕಡಿದು ಬೆಳಗ್ಗೆ ಸರಿಯಿದ್ದರೆ ಬಿಸಿಯೇ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಗಾಜು ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಅಗ್ಗದ ಡಾಂಗಲಿಗೆ ಅದು ತಡೆಯುವುದಿಲ್ಲ. ಕಿತ್ತು ಎಸಿ ಗಾಳಿಗೆ ಹಿಡಿದು ತಣಿದ ಮೇಲೆ ಚುಚ್ಚಿ ನೋಡಿ, ಆಗ ಸೇರಿದರೆ ಖಾತ್ರಿ.

ಆ್ಯಪಿನ ಗೇಜುಗಳಲ್ಲಿ ಅಂಕಿಗಳು ತಡವರಿಸಿ ಕೊನೆಗೆ ನಿಂತುಬಿಟ್ಟರೆ ಆ್ಯಪಿನಲ್ಲಿ ವೇಗದ ಸಂವಹನದ ಆಯ್ಕೆ ತೆಗೆದುಹಾಕಿ, ಒಟ್ಟಿಗೆ ನೋಡುವ ಗೇಜುಗಳನ್ನು ಕಡಿಮೆ ಮಾಡಿ. ನಕಲಿ ಚಿಪ್ಪಿಗೆ ಹತ್ತು ಪ್ರಶ್ನೆ ಒಟ್ಟಿಗೆ ಕೇಳಿದರೆ ಉಸಿರು ಕಟ್ಟುತ್ತದೆ.

ನಕಲಿಯ ಮಾತು

ಇಎಲ್‌ಎಂ 327 ಚಿಪ್ ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಮೊದಲ ಆವೃತ್ತಿಯಲ್ಲಿ ನಕಲು ತಡೆಯುವ ಬೀಗ ಹಾಕದೆ ಬಿಟ್ಟದ್ದರಿಂದ ಅದರೊಳಗಿನ ಪ್ರೋಗ್ರಾಮನ್ನು ಬೇರೆಯವರು ಎತ್ತಿಕೊಂಡರು, ಇವತ್ತು ಅಗ್ಗಕ್ಕೆ ಸಿಗುವುದರಲ್ಲಿ ಬಹುಪಾಲು ಅದರ ಮರಿಮಕ್ಕಳು. ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಎ ಟಿ ಝಡ್ ಕೇಳಿದಾಗ 1.5 ಅನ್ನುವ ಡಾಂಗಲ್ ಅಸಲಿ ಇರಲು ಸಾಧ್ಯವಿಲ್ಲ, ಆ ಕಂಪನಿ ಆ ಸಂಖ್ಯೆಯ ಆವೃತ್ತಿ ತಂದೇ ಇಲ್ಲ. 2.1 ಎಂದು ಹೇಳಿಕೊಳ್ಳುವ ನಕಲಿಗಳು ಅದಕ್ಕಿಂತ ತಲೆನೋವು: ಹೆಸರು ಹೊಸದು, ಅರ್ಧ ಆಜ್ಞೆಗೆ ಪ್ರಶ್ನಾರ್ಥಕ ಚಿಹ್ನೆ. ನಕಲಿ ಎಂದ ಕೂಡಲೇ ಎಸೆಯಬೇಕಿಲ್ಲ. ಇಂಜಿನ್ ಕೋಡ್ ಓದಲು, ಕೂಲೆಂಟ್ ಬಿಸಿ ನೋಡಲು ಹಲವು 1.5ಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಬಿಎಸ್, ಏರ್‌ಬ್ಯಾಗ್, ಡಿಪಿಎಫ್ (ಡೀಸೆಲ್ ಹೊಗೆಯ ಫಿಲ್ಟರ್) ವಿವರ ಬೇಕಾದವರು ಮಾತ್ರ ಹೆಚ್ಚು ಹಣ ಹಾಕಿ ಒಳ್ಳೆಯದನ್ನೇ ತೆಗೆದುಕೊಳ್ಳಿ.

ಗ್ಯಾರೇಜಿನ ಟ್ಯಾಬ್ಲೆಟ್ ಸ್ಕ್ಯಾನರ್ ಬಳಸುವವರಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯ. ಅವುಗಳ ಬ್ಲೂಟೂತ್ ಪೆಟ್ಟಿಗೆಯನ್ನು ಟ್ಯಾಬ್ಲೆಟ್ಟಿನ ಸೆಟ್ಟಿಂಗಿನಿಂದ ಅಲ್ಲ, ಸ್ಕ್ಯಾನರ್ ಆ್ಯಪಿನದೇ ಮೆನುವಿನಿಂದ ಸೀರಿಯಲ್ ನಂಬರ್ ನೋಡಿ ಜೋಡಿಸಬೇಕು. ಅಪ್‌ಡೇಟ್ ನಡುವೆ ಕಡಿದು ಪೆಟ್ಟಿಗೆ ಮಂಕಾಗಿದ್ದರೆ ಯುಎಸ್‌ಬಿ ಕೇಬಲ್ ಹಾಕಿ ಫರ್ಮ್‌ವೇರ್ ದುರಸ್ತಿ ಮಾಡುವ ಆಯ್ಕೆ ಅದೇ ಮೆನುವಿನಲ್ಲಿ ಹುಡುಕಿ.

ಸೇರಿದ ಮೇಲೆ

ಕೋಡ್ ಸಿಕ್ಕ ಕೂಡಲೇ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಿದ್ದ ಕ್ಷಣದ ಅಂಕಿಗಳು, ಇದ್ದರೆ ಅದನ್ನೂ. ಅಳಿಸಿ ಗ್ಯಾರೇಜಿಗೆ ಬಂದರೆ ಮೇಸ್ತ್ರಿಗೆ ಹಿಡಿಯಲು ಎಳೆಯೇ ಇರುವುದಿಲ್ಲ. ಆ್ಯಪ್ ನೋಡುತ್ತಾ ಗಾಡಿ ಓಡಿಸಬೇಡಿ, ಪಕ್ಕದವರ ಕೈಗೆ ಫೋನ್ ಕೊಡಿ.

ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಿ. 16ನೇ ಪಿನ್ನಿಗೆ ಯಾವಾಗಲೂ ಕರೆಂಟ್ ಇರುವುದರಿಂದ ನಿದ್ದೆ ಬರದ ಡಾಂಗಲ್ ಗಾಡಿ ನಿಂತಾಗಲೂ ಎಳೆಯುತ್ತಲೇ ಇರುತ್ತದೆ. 40 ಮಿಲಿಆಂಪ್ ಎಂದು ಹಿಡಿದರೆ ದಿನಕ್ಕೆ ಹತ್ತಿರಹತ್ತಿರ 1 ಆಂಪ್-ಅವರ್. ಎರಡು ವಾರ ಗಾಡಿ ನಿಂತರೆ 35 ಆಂಪ್-ಅವರಿನ ಬ್ಯಾಟರಿಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಖಾಲಿ, ಹಳೇ ಬ್ಯಾಟರಿಯಾದರೆ ಸೆಲ್ಫೇ ಹೊಡೆಯದು. ಮೇಲಾಗಿ 1234 ಪಿನ್ನಿನ ಡಾಂಗಲ್ ಅಥವಾ ಪಾಸ್‌ವರ್ಡ್ ಇಲ್ಲದ ವೈಫೈಗೆ ಪಕ್ಕದಲ್ಲಿ ಗಾಡಿ ನಿಲ್ಲಿಸಿದವರೂ ಸೇರಬಹುದು. ಕೀಳುವಾಗ ಪ್ಲಗ್ಗನ್ನು ಎಡಬಲ ಅಲ್ಲಾಡಿಸದೆ ನೇರವಾಗಿ ಎಳೆಯಿರಿ, ಸಾಕೆಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು.